ಚಕ್ರದ ಒಳಮಗ್ಗುಲಿಗೆ ಇಟ್ಟ ಕುಂಕುಮ

ಕಾರಿನ ಚಕ್ರ ಕಂಡರೆ ನನಗೆ ಹೇಸಿಗೆ. ಟೈರ್ ಕೆಲಸದವನ ಹೆಂಡತಿ ಹೀಗೆ ಹೇಳುತ್ತಾಳಲ್ಲ ಎಂದು ನಗುವವರು ನಗಲಿ. ಮದುವೆಯಾದಂದಿನಿಂದ ನಮ್ಮ ಯಜಮಾನರ ಅಂಗಿ, ಬನೀನು, ದಿಂಬಿನ ಕವರು, ಕೊನೆಗೆ ನಾನು ಚಿತ್ರಾನ್ನ ಹಾಕಿ ಕಳಿಸುವ ಡಬ್ಬಿ ಕೂಡ ರಬ್ಬರ್ ವಾಸನೆ ಹೊಡೆಯುತ್ತವೆ. ಅದಕ್ಕೆ ಹೇಗೋ ಹೊಂದಿಕೊಂಡಿದ್ದೆ. ಹೇಸಿಗೆ ಹುಟ್ಟಿದ್ದು ಆ ವಾಸನೆಯಿಂದಲ್ಲ, ಹೋದ ವರ್ಷದ ಆಯುಧಪೂಜೆಯ ದಿನ ಒಂದು ಕಾರಿನ ಸುತ್ತ ನೆರೆದಿದ್ದ ನಮ್ಮ ಜನರಿಂದ. ಆ ಜನರಲ್ಲಿ ನಾನೂ ಒಬ್ಬಳು.

ನಮ್ಮ ಯಜಮಾನರ ಹೆಸರು ಹೊನ್ನಪ್ಪ. ಅರಸೀಕೆರೆಯ ಬಸ್ ಡಿಪೋದಲ್ಲಿ ಹದಿನಾಲ್ಕು ವರ್ಷ ಟೈರ್ ಸೆಕ್ಷನ್ನಿನಲ್ಲಿದ್ದವರು. ನನಗೆ ಆಸ್ಟ್ರೇಲಿಯಾದ ಪರ್ತಿನಲ್ಲಿ ನರ್ಸ್ ಕೆಲಸ ಸಿಕ್ಕಿ ಅಲ್ಲಿನ ಜೂಂಡಲಪ್ ಬಡಾವಣೆಯ ಆಸ್ಪತ್ರೆಗೆ ಬಂದಾಗ, ನನ್ನ ವೀಸಾದ ಸೆರಗು ಹಿಡಿದು ಅವರೂ ಮಗಳು ಚಿನ್ಮಯಿಯೂ ಬಂದರು. ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೂಕ ಹಾಕಿದರೆ ನಾಲ್ಕು ಕಿಲೋ ಹೆಚ್ಚು. ಬಟ್ಟೆ ಸರಿಸಿ ನೋಡಿದೆ. ಕೆಳಗೆ ಹಾಸನದ ಕಬ್ಬಿಣದಂಗಡಿಯಿಂದ ತಂದ ಚಕ್ರದ ನಟ್ಟು ಬಿಚ್ಚುವ ನಾಲ್ಕು ಕೈಯ ವೀಲ್ ಸ್ಪ್ಯಾನರ್ ಮಲಗಿತ್ತು.

"ಆಸ್ಟ್ರೇಲಿಯಾದಲ್ಲಿ ಸ್ಪ್ಯಾನರ್ ಸಿಗಲ್ವೇನ್ರೀ?" ಎಂದು ಕೇಳಿದೆ.

"ಸಿಗುತ್ತೆ. ಅದು ನನ್ನ ಕೈ ಮಾತು ಕೇಳ್ಬೇಕಲ್ಲ" ಎಂದರು.

ಸ್ಪ್ಯಾನರ್ ಬಂತು, ನನ್ನ ಅಪ್ಪೆಮಿಡಿ ಉಪ್ಪಿನಕಾಯಿ ಊರಲ್ಲೇ ಉಳಿಯಿತು. ಈಗ ಅವರು ವೆಲ್ಷ್‌ಪೂಲಿನಲ್ಲಿ, ಸುತ್ತ ಗೋದಾಮುಗಳೇ ಇರುವ ಬೀದಿಯಲ್ಲಿ, ಒಂದು ದೊಡ್ಡ ಟೈರ್ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ಲಾರಿಯಿಂದ ಹಿಡಿದು ರೇಸಿಗೆ ಹೋಗುವ ಕಾರಿನವರೆಗೆ ಎಲ್ಲವೂ ಅವರ ಕೈಗೆ ಬರುತ್ತದೆ. ಡಿಪೋದಲ್ಲಿ ಕಲಿತ ಒಂದು ಅಭ್ಯಾಸ ಅವರನ್ನು ಇಲ್ಲಿಯೂ ಬಿಟ್ಟಿಲ್ಲ. ಯಾವ ಗಾಡಿ ಬಂದರೂ ಮೊದಲು ಜೇಬಿನಿಂದ ಸೀಮೆಸುಣ್ಣ ತೆಗೆದು, ನೆಲದ ಮೇಲೆ ಮಲಗಿ, ಚಕ್ರದ ಒಳಮಗ್ಗುಲಿಗೆ ಒಂದು ಗೆರೆ ಎಳೆಯುತ್ತಾರೆ. ಗಾಡಿ ಒಂದು ಸುತ್ತು ಓಡಿಬಂದ ಮೇಲೆ ಮತ್ತೆ ಮಲಗಿ ನೋಡುತ್ತಾರೆ. ಗೆರೆ ಅಳಿಸಿದ್ದರೆ ಟೈರು ಎಲ್ಲೋ ಉಜ್ಜುತ್ತಿದೆ ಎಂದರ್ಥ. ಹೊರಮಗ್ಗುಲು ನೋಡುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಹೊರಗಿನದನ್ನ ಗಿರಾಕಿನೇ ನೋಡ್ಕೊಂಡಿರ್ತಾನೆ" ಎಂದಿದ್ದರು.

ಕೆಲಸದಲ್ಲಿ ಇಷ್ಟು ಗಟ್ಟಿಗರಾದ ಈ ಮನುಷ್ಯ ಮಾತಿನಲ್ಲಿ ಬರೀ ಮೇಣ. ತಮಗಿಂತ ಇಪ್ಪತ್ತು ವರ್ಷ ಚಿಕ್ಕವರಿಗೂ 'ಸಾರ್' ಎನ್ನುತ್ತಾರೆ. ಕನ್ನಡ ಬಳಗದ ಸಮಾರಂಭಗಳಲ್ಲಿ ಯಾರಾದರೂ "ನೀವೇನ್ ಮಾಡ್ಕೊಂಡಿದೀರಾ?" ಎಂದು ಕೇಳುತ್ತಾರೆ. ಇವರು "ಟೈರ್ ಕೆಲಸ ಸಾರ್" ಎನ್ನುತ್ತಾರೆ. "ಓ, ಬಿಸಿನೆಸ್ಸಾ?" ಎಂದು ಅವರ ಮುಖ ಅರಳುತ್ತದೆ. "ಅಲ್ಲ ಸಾರ್, ಟೈರ್ ಹಾಕೋ ಕೆಲಸ" ಎಂದ ತಕ್ಷಣ ಅವರ ಕಣ್ಣು ಇವರ ಭುಜದ ಆಚೆ ಇನ್ನೊಬ್ಬರನ್ನು ಹುಡುಕತೊಡಗುತ್ತದೆ. ಅದೇ ಮಹನೀಯರು ಶನಿವಾರ ಟೈರಿಗೆ ಮೊಳೆ ಚುಚ್ಚಿದರೆ ಹಲ್ಲು ಕಿರಿದುಕೊಂಡು ವೆಲ್ಷ್‌ಪೂಲಿಗೆ ಬರುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಇವರಿಗೆ ಏನೂ ಆಗುವುದಿಲ್ಲ.

ಇನ್ನು ಶಶಾಂಕ್. ಬೆಂಗಳೂರಿನ ವಿಜಯನಗರದ ಹುಡುಗ, ಇಪ್ಪತ್ತೆಂಟು ವರ್ಷ, ಗಣಿ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಮಾಡುವವನು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ಕೆಟ್ಟವನಲ್ಲ. ಆದರೆ ಅವನು ಒಂದು ಕಾರು ಕೊಂಡ. ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿರುವ ಜಪಾನಿ ಕಾರು. ಹಿಂದಿನ ಸೀಟಿನಲ್ಲಿ ಕೂರಬೇಕಾದರೆ ಮಂಡಿಯನ್ನು ಬಾಯಿಗೆ ತಂದುಕೊಳ್ಳಬೇಕು. ಅದನ್ನು ರೇಸ್ ಟ್ರ್ಯಾಕಿಗೆ ಒಯ್ದು ಓಡಿಸಬೇಕೆಂಬುದು ಅವನ ಆಸೆ. ಇಲ್ಲಿ ಆಗಾಗ ಟ್ರ್ಯಾಕ್ ಡೇ ಎಂದು ಮಾಡುತ್ತಾರೆ, ಯಾರು ಬೇಕಾದರೂ ಸ್ವಂತ ಕಾರು ತಂದು ಆ ದಿನ ಮನಸಾರೆ ಓಡಿಸಬಹುದು. ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳಲೂ ಬಿಡುತ್ತಾರೆ. ಆ ಪಕ್ಕದ ಸೀಟಿಗೆ ನನ್ನ ಮಗಳು ಚಿನ್ಮಯಿ ಹೆಸರು ಕೊಟ್ಟಿದ್ದಳು. ಹತ್ತೊಂಬತ್ತು ವರ್ಷ, ಇಂಜಿನಿಯರಿಂಗ್ ಓದುತ್ತಿದ್ದಾಳೆ, ಅಪ್ಪನ ಹುಚ್ಚು ಅವಳಿಗೂ ಹತ್ತಿದೆ.

ಟ್ರ್ಯಾಕಿಗೆ ಹೋಗುವ ಕಾರಿಗೆ ಎಂಥ ಚಕ್ರ, ಎಷ್ಟು ಅಗಲದ ಟೈರು ಎನ್ನುವುದು ಮೊದಲ ಪ್ರಶ್ನೆಯಂತೆ. ಶಶಾಂಕ್ ಅದನ್ನು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಇಟ್ಟ. ನಾನು ಕಾಫಿ ಸೋಸುತ್ತಿದ್ದೆ.

"ಅಂಕಲ್, ಹತ್ತೊಂಬತ್ತು ಇಂಚು ಹಾಕ್ಬಿಡೋಣ ಅಂತ. ಇನ್ನೂರ ಅರವತ್ತೈದರ ಟೈರು. ಸಖತ್ತಾಗಿ ಕಾಣುತ್ತೆ."

"ಕಾಣಕ್ಕಾ ಸಾರ್, ಓಡಕ್ಕಾ?" ಎಂದರು ಇವರು.

"ಎರಡಕ್ಕೂ ಅಂಕಲ್. ಅಗಲ ಇದ್ದಷ್ಟೂ ಗ್ರಿಪ್ ಅಲ್ವಾ?"

ಇವರು ನನ್ನ ಸಾಂಬಾರ್ ಪಾತ್ರೆಯ ಮುಚ್ಚಳ ಎಳೆದುಕೊಂಡರು, ಬಾಗಿಲಿನ ಬಳಿಯಿದ್ದ ನನ್ನ ಆಸ್ಪತ್ರೆಯ ಶೂ ತೋರಿಸಿದರು, ಅರ್ಧ ಗಂಟೆ ಮಾತಾಡಿದರು. ಒಂದೇ ಸಲಕ್ಕೆ ಇವರು ಇಷ್ಟು ಮಾತಾಡಿದ್ದನ್ನು ನಾನು ನೋಡಿದ್ದೇ ಅಪರೂಪ. ನನಗೆ ಅರ್ಥವಾದದ್ದು ಇಷ್ಟು. ಚಕ್ರ ದೊಡ್ಡದಾದಷ್ಟೂ ಭಾರ. ಆ ಭಾರವನ್ನು ಕಾರು ಪ್ರತಿ ಸಲ ತಿರುಗಿಸಬೇಕು, ಪ್ರತಿ ಸಲ ಬ್ರೇಕು ಹಿಡಿದು ನಿಲ್ಲಿಸಬೇಕು. ಭಾರದ ಬೂಟು ಹಾಕಿಕೊಂಡು ಓಟಕ್ಕೆ ಇಳಿದ ಹಾಗೆ. ಮೂಲದಲ್ಲಿ ಕಂಪನಿಯವರು ಕೊಟ್ಟದ್ದು ಹದಿನೇಳು ಇಂಚು. ಅದರೊಳಗೆ ಬ್ರೇಕು ಚೆನ್ನಾಗಿಯೇ ಹಿಡಿಸುತ್ತದೆ, ದೊಡ್ಡದು ಬೇಕಾಗಿಯೇ ಇಲ್ಲ. ಹದಿನೇಳರಲ್ಲೇ ಹಗುರವಾದ, ಒಂಬತ್ತು ಇಂಚು ಅಗಲದ ಚಕ್ರ ಹುಡುಕಿ, ಅದಕ್ಕೆ ಇನ್ನೂರ ನಲವತ್ತೈದು ಮಿಲಿಮೀಟರ್ ಅಗಲದ ಟ್ರ್ಯಾಕ್ ಟೈರು ಹಾಕಿದರೆ ಎತ್ತರ ಮೊದಲಿನಷ್ಟೇ ಇರುತ್ತದೆ, ಟೈರಿನ ಪಕ್ಕದ ಗೋಡೆಗೂ ಒಂದಿಷ್ಟು ಎತ್ತರ ಉಳಿಯುತ್ತದೆ, ಟ್ರ್ಯಾಕಿನ ಅಂಚು ಹತ್ತಿದರೂ ತಡೆಯುತ್ತದೆ. ಹತ್ತೊಂಬತ್ತು ಹಾಕಿದರೆ ಒಂದೂವರೆ ಸೆಂಟಿಮೀಟರ್ ಎತ್ತರ ಹೆಚ್ಚು, ಅಗಲವೂ ಹೆಚ್ಚು, ಒಳಗೆ ಜಾಗವಿಲ್ಲ.

"ಒಳಗೆ ಒಂದು ಕಂಬ ಇದೆ ಸಾರ್, ಸಸ್ಪೆನ್ಷನ್‌ದು. ಆ ಟೈರು ಅದಕ್ಕೆ ಕೂದಲೆಳೆ ದೂರದಲ್ಲಿ ಕೂರುತ್ತೆ. ಮನೆ ಮುಂದೆ ನಿಂತಾಗ ತಾಕಲ್ಲ. ತಿರುವಲ್ಲಿ ಜೋರಾಗಿ ಹೋದಾಗ ಟೈರು ಬಾಗುತ್ತಲ್ಲ, ಆಗ ತಾಕುತ್ತೆ. ತಾಕಿದ್ದು ಕೊಯ್ಯುತ್ತೆ."

ಶಶಾಂಕ್ ಕಾಫಿ ಕುಡಿದ, ತಲೆ ಆಡಿಸಿದ, ಮನೆಗೆ ಹೋಗಿ ವಾಟ್ಸಾಪ್ ತೆರೆದ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಕನ್ನಡದ ಕಾರುಪ್ರಿಯರ ಗುಂಪೊಂದಿದೆ. ಚಿನ್ಮಯಿಯೂ ಅದರಲ್ಲಿದ್ದಾಳೆ, ನಮ್ಮವರನ್ನೂ ಅವಳೇ ಸೇರಿಸಿದ್ದಳು. ಅಲ್ಲಿ ಶಶಾಂಕ್ ಮತಕ್ಕೆ ಹಾಕಿದ. ಹತ್ತೊಂಬತ್ತು ಇಂಚಿಗೆ ನಲವತ್ತೊಂದು ಮತ. ಹದಿನೇಳಕ್ಕೆ ಎರಡು. ಒಂದು ನಮ್ಮವರದು. ಇನ್ನೊಂದು ಬ್ರಿಸ್ಬೇನಿನವರೊಬ್ಬರದು, ಅವರು ಕೈ ತಪ್ಪಿ ಒತ್ತಿದ್ದೆನೆಂದು ಆಮೇಲೆ ಕ್ಷಮೆ ಕೇಳಿದರು. ಮದುವೆಮನೆಯಲ್ಲಿ ಪಾಯಸವೋ ಹೋಳಿಗೆಯೋ ಎಂದು ಕೇಳುವ ಹಾಗೆ ಈ ಗುಂಪಿನವರು ಟೈರಿನ ಅಳತೆಯನ್ನು ಮತಕ್ಕೆ ಹಾಕಿದರು. ಎಲ್ಲರೂ ಇಂಜಿನಿಯರುಗಳೇ. ಒಬ್ಬರಾದರೂ ಟೇಪು ಹಿಡಿಯಲಿಲ್ಲ. ನಮ್ಮವರ ಫೋನಿನಲ್ಲಿ ಅದನ್ನು ಓದುತ್ತ ಓದುತ್ತ ನನಗೆ ವಾಕರಿಕೆ ಬಂತು.

ಅಡಿಲೇಡಿನ ಸಂದೀಪ ಎನ್ನುವವನು ತನ್ನ ಹತ್ತೊಂಬತ್ತು ಇಂಚಿನ ಚಕ್ರಗಳನ್ನು ಟೈರಿನ ಸಮೇತ ಕಳಿಸಿಕೊಟ್ಟ. ಅವನ ಕಾರೇ ಬೇರೆ, ಇವನ ಕಾರೇ ಬೇರೆ. ಕೇಳಿದರೆ, ಬೋಲ್ಟಿನ ತೂತು ಹೊಂದುತ್ತವಲ್ಲ ಎನ್ನುವುದು ಉತ್ತರ. ಶಶಾಂಕ್ ತನ್ನ ಗ್ಯಾರೇಜಿನಲ್ಲೇ ಹಾಕಿಕೊಂಡ. ಕಪ್ಪು ಚಕ್ರ, ಅಂಚಿಗೆ ಕೆಂಪು ಗೆರೆ. ಚಿನ್ಮಯಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಅಪ್ಪ ಮುಖ ಸಪ್ಪೆ ಮಾಡಿದಾಗ "ಡ್ಯಾಡ್, ಎವ್ರಿವನ್ ರನ್ಸ್ ನೈಂಟೀನ್ಸ್. ಇಟ್ಸ್ ಫೈನ್" ಎಂದಳು.

ಇವರು ಜಗಳವಾಡಲಿಲ್ಲ. ಎರಡು ವಾರ ಹುಡುಕಿ, ಯಾರೋ ಬಿಟ್ಟ ಹದಿನೇಳು ಇಂಚಿನ ಹಗುರ ಚಕ್ರಗಳನ್ನು ತಂದು, ತಾವೇ ಹೇಳಿದ್ದ ಅಳತೆಯ ಟೈರು ಕೂಡಿಸಿ, ಶೆಡ್ಡಿನ ಮೂಲೆಯಲ್ಲಿಟ್ಟು, ಮೇಲೆ ಸೀಮೆಸುಣ್ಣದಲ್ಲಿ 'ಶಶಾಂಕ್ ಸಾರ್' ಎಂದು ಬರೆದರು. ಆಮೇಲೆ ಅವನನ್ನು ಕರೆದು ಒಂದು ಮಾತಿಗೆ ಒಪ್ಪಿಸಿದರು. ಆಯುಧಪೂಜೆಯ ಫೋಟೋಗೆ ಹತ್ತೊಂಬತ್ತು ಇರಲಿ. ಪೂಜೆ ಮುಗಿದ ಕೂಡಲೇ ವೆಲ್ಷ್‌ಪೂಲಿಗೆ ಬಂದು ಹದಿನೇಳು ಹಾಕಿಸಿಕೊಂಡು ಮರುದಿನ ಟ್ರ್ಯಾಕಿಗೆ ಹೋಗುವುದು. ಶಶಾಂಕನೂ ಒಪ್ಪಿದ. ನಾನು ಸದ್ಯ ಎಂದು ಉಸಿರು ಬಿಟ್ಟೆ. ಪೂಜೆಗೆ ಇನ್ನೂ ಒಂದು ವಾರವಿತ್ತು, ಆ ವಾರ ದಿನವೂ ಬೆಳಿಗ್ಗೆ ಅವನು ಚಿನ್ಮಯಿಯನ್ನು ಅದೇ ಹತ್ತೊಂಬತ್ತರ ಮೇಲೆ ಜೂಂಡಲಪ್ಪಿನ ಕ್ಯಾಂಪಸ್ಸಿಗೆ ಬಿಟ್ಟು ಬರುತ್ತಿದ್ದ. ಬಸ್ಸಿನ ಗೋಳು ತಪ್ಪಿತು ಎಂದು ನಾನೇ ಅವನಿಗೆ ಎರಡು ಸಲ ಕೋಡುಬಳೆ ಕೊಟ್ಟು ಕಳಿಸಿದೆ.

ಪರ್ತಿನಲ್ಲಿ ದೇವರಿಗೂ ವೀಕೆಂಡೇ ಗತಿ. ನವಮಿ ಯಾವ ವಾರ ಬಂದಿದ್ದರೂ ಬಳಗದ ಆಯುಧಪೂಜೆ ಶನಿವಾರ ಮಧ್ಯಾಹ್ನ ಮೋರ್ಲಿಯ ಬಾಡಿಗೆ ಹಾಲಿನಲ್ಲಿ. ಒಳಗೆ ಮೇಜಿನ ಮೇಲೆ ಚಾಮುಂಡಿಯ ಪಟ, ಅದರ ಮುಂದೆ ಎಲ್ಲರ ಆಯುಧ. ಅಂದರೆ ಲ್ಯಾಪ್‌ಟಾಪುಗಳು. ಹದಿನಾರು ಲ್ಯಾಪ್‌ಟಾಪು, ನನ್ನ ಒಂದು ಸ್ಟೆತಾಸ್ಕೋಪು, ನಮ್ಮವರ ವೀಲ್ ಸ್ಪ್ಯಾನರು. ಸ್ಪ್ಯಾನರಿಗೆ ಅರಿಸಿನದ ದಾರ ಕಟ್ಟಿ, ಕುಂಕುಮವಿಟ್ಟು, ಸೇವಂತಿಗೆ ಏರಿಸಿದವಳು ನಾನೇ. ಹೊರಗೆ ಪಾರ್ಕಿಂಗಿನಲ್ಲಿ ಏಳು ಕಾರು ಸಾಲಾಗಿ ನಿಂತಿದ್ದವು. ಪೂಜೆ ನಡೆಸಿದವರು ಶ್ರೀಕಂಠಯ್ಯನವರು. ಊರಲ್ಲಿ ದೊಡ್ಡ ಇಂಜಿನಿಯರಾಗಿದ್ದು ನಿವೃತ್ತರಾಗಿ ಮಗಳ ಮನೆಗೆ ಬಂದವರು, ಬಳಗದ ಗೌರವಾಧ್ಯಕ್ಷರು. ಅವರು ಬಾಯಿ ತೆರೆದರೆ ಉಳಿದವರ ಬಾಯಿಗೆ ಬೀಗ.

ಕಾರುಗಳಿಗೆ ಕುಂಕುಮ ಹಚ್ಚುವಾಗ ಶ್ರೀಕಂಠಯ್ಯನವರು ತಟ್ಟೆಯನ್ನು ನಮ್ಮವರ ಕಡೆ ಚಾಚಿದರು. "ಚಕ್ರದ ಕೆಲಸ ನಿನ್ನದೇ ಅಲ್ವೇನಯ್ಯಾ ಹೊನ್ನಪ್ಪ, ಚಕ್ರಕ್ಕೆಲ್ಲ ನೀನೇ ಇಡು" ಎಂದರು. ಅವರಿಗೆ ಬಗ್ಗಲು ಸೊಂಟ ಬಿಡುವುದಿಲ್ಲ. ಅದನ್ನು ಗೌರವ ಕೊಟ್ಟ ಹಾಗೆ ಕಾಣಿಸುವುದು ಮಾತ್ರ ಚೆನ್ನಾಗಿ ಗೊತ್ತು.

ಇವರು ಆರು ಕಾರಿಗೆ ಎಲ್ಲರಂತೆ ಹೊರಗಿನಿಂದ ಇಟ್ಟರು. ಶಶಾಂಕನ ಕಾರಿನ ಹತ್ತಿರ ಬಂದಾಗ ಕುಂಕುಮಕ್ಕೆ ಚೂರು ನೀರು ಬೆರೆಸಿ ಮಂದವಾಗಿ ಕಲಸಿದರು. ರೇಷ್ಮೆ ಅಂಚಿನ ಪಂಚೆಯಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಮುಂದಿನ ಎರಡೂ ಚಕ್ರದ ಒಳಮಗ್ಗುಲಿಗೆ ಬೆರಳು ಎಟುಕಿದಷ್ಟೂ ಬಳಿದರು. ಎಡಗಡೆ ಬೆರಳಿಗೆ ಏನೋ ತರಿ ಸಿಕ್ಕಿತ್ತು, ಆ ಇಕ್ಕಟ್ಟಿನ ಕತ್ತಲಲ್ಲಿ ಕಾಣಲಿಲ್ಲ ಎಂದು ಆಮೇಲೆ ಹೇಳಿದರು. ಎಲ್ಲರೂ ಘೊಳ್ಳೆಂದು ನಕ್ಕರು. "ಹೊನ್ನಪ್ಪ, ದೇವಿ ಒಳಗೂ ಬಂದು ನೋಡ್ತಾಳೇನಯ್ಯ?" ಎಂದು ಯಾರೋ ಕೂಗಿದರು. ಹೊಸ ಪಂಚೆ ಡಾಂಬರಿಗೆ ತಗುಲಿ ಕರ್ರಗಾದದ್ದು ನೋಡಿ ನನಗೂ ನಾಚಿಕೆಯಾಗಿ ಮುಖ ತಿರುಗಿಸಿದೆ.

ಆರತಿಯಾಯಿತು. ಚಕ್ರದಡಿ ನಿಂಬೆಹಣ್ಣು ಇಟ್ಟರು. ಇವರು ಶಶಾಂಕನ ಹತ್ತಿರ ಹೋಗಿ, "ಸಾರ್, ಮೂರು ಜನ ಕೂರಿಸ್ಕೊಂಡು ಒಂದು ರೌಂಡ್ ಹೊಡೀರಿ. ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ" ಎಂದರು. ನಿಂಬೆಹಣ್ಣು ಚಿಟಕ್ಕೆಂದು ಒಡೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಚಿನ್ಮಯಿ ಮುಂದೆ ಕೂತಿದ್ದಳು, ಹಿಂದೆ ಮಂಡಿ ಮಡಚಿಕೊಂಡು ಇಬ್ಬರು. ಕಾರು ಪಾರ್ಕಿಂಗಿನ ಉಬ್ಬು ಹತ್ತಿ ಇಳಿದು ಎರಡು ಸುತ್ತು ಹಾಕಿ ಬಂತು. ಇವರು ಮತ್ತೆ ಮಲಗಿ ಫೋನಿನ ಬೆಳಕು ಬಿಟ್ಟು ನೋಡಿದರು. ಎದ್ದು ನೇರ ಶಶಾಂಕನ ಹತ್ತಿರ ಬಂದರು.

"ಸಾರ್, ಎಡಗಡೆ ಕಂಬಕ್ಕೆ ಕುಂಕುಮ ಮೆತ್ಕೊಂಡಿದೆ. ಟೈರು ತಾಕ್ತಿದೆ. ಇಲ್ಲೇ, ಇಷ್ಟು ನಿಧಾನಕ್ಕೇ ತಾಕ್ತಿದೆ. ನಡೀರಿ ಸಾರ್, ಈಗ್ಲೇ ವೆಲ್ಷ್‌ಪೂಲಿಗೆ ಹೋಗಿ ಹದಿನೇಳು ಹಾಕ್ಬಿಡೋಣ."

ಇವರು ಸ್ಪ್ಯಾನರ್ ತರಲು ಹಾಲಿನ ಕಡೆ ತಿರುಗಿದರು. ಶ್ರೀಕಂಠಯ್ಯನವರು ಕೈ ಅಡ್ಡ ಹಿಡಿದರು.

"ಎಲ್ಲಿಗೆ ಹೊರಟೆ? ಪೂಜೆಗೆ ಇಟ್ಟ ಆಯುಧ ನಾಳೆ ಮಧ್ಯಾಹ್ನದ ಪೂಜೆ ಆಗೋವರೆಗೂ ಎತ್ತೋ ಹಾಗಿಲ್ಲ. ಪೂಜೆ ಆಗಿರೋ ಚಕ್ರ ಬಿಚ್ಚಿ, ಪೂಜೆ ಇಲ್ಲದ ಚಕ್ರ ಹಾಕ್ಕೊಂಡು ರೇಸಿಗೆ ಹೋಗ್ತಾರೇನಯ್ಯ ಯಾರಾದ್ರೂ? ಅನಿಷ್ಟ."

"ಸಾರ್, ಕುಂಕುಮ ಕಂಬಕ್ಕೆ..."

"ಆ ತಾಯಿನೇ ಬೊಟ್ಟು ಇಟ್ಟಿದಾಳೆ ಅನ್ಕೋ. ಒಳ್ಳೇದೇ ಆಯ್ತು."

ಮತ್ತೆ ನಗು. ಕಂಪ್ಯೂಟರಿನಲ್ಲಿ ಭೂಮಿಯ ಒಳಗನ್ನು ಅಳೆಯುವವರು, ಸೇತುವೆ ಕಟ್ಟಿದವರು, ಡಾಕ್ಟರೇಟು ಮಾಡಿದವರು, ಎಲ್ಲರೂ ಹೂಂಗುಟ್ಟಿದರು. ಅವರೆಲ್ಲ ನಂಬುವವರು ಎಂದಾದರೆ ನನಗೆ ಸಿಟ್ಟೇ ಇರುತ್ತಿರಲಿಲ್ಲ. ಅರ್ಧಕ್ಕರ್ಧ ಮಂದಿ ಅಲ್ಲಿಂದ ಸೀದಾ ಹೋಗಿ ಅದೇ ಲ್ಯಾಪ್‌ಟಾಪು ಎತ್ತಿಕೊಂಡು ಕೆಲಸ ಮಾಡುವವರು. ಹಿರಿಯರೆದುರು ಒಂದು ಮಾತು ಹೆಚ್ಚು ಆಡಿದರೆ ತಮ್ಮ ಮರ್ಯಾದೆ ಹೋದೀತೆಂಬ ಭಯ ಅಷ್ಟೇ. ಶಶಾಂಕನಿಗಂತೂ ಒಳಗೊಳಗೇ ಖುಷಿ. ಹತ್ತೊಂಬತ್ತು ಬಿಚ್ಚದಿರಲು ಒಂದು ನೆವ ಬೇಕಾಗಿತ್ತು, ದೇವರೇ ಕೊಟ್ಟಿದ್ದ.

"ಬಿಡಿ ಅಂಕಲ್, ನಾಳೆ ಸ್ವಲ್ಪ ಮೆತ್ತಗೆ ಓಡಿಸ್ತೀನಿ" ಎಂದ.

"ವಿ'ಲ್ ಬಿ ಫೈನ್, ಡ್ಯಾಡ್" ಎಂದಳು ಚಿನ್ಮಯಿ, ಪಕ್ಕದ ಸೀಟಿನಿಂದ ಇಳಿಯದೆಯೇ.

ಇವರು ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಇಡೀ ಪಾರ್ಕಿಂಗಿನಲ್ಲಿ ನನ್ನೊಬ್ಬಳನ್ನು. ನಾನು ಏನಾದರೂ ಹೇಳುತ್ತೇನೆಂದು ಕಾದರು. ನಾನು ಹೇಳಿದೆ.

"ಬೇಡ ರೀ. ಇವತ್ತೊಂದು ದಿನ ಮುಟ್ಬೇಡಿ. ಎಲ್ರೂ ನೋಡ್ತಿದಾರೆ."

ಆ ಮಾತು ನನ್ನ ಬಾಯಿಂದಲೇ ಬಂದದ್ದು. ಕೈಯಲ್ಲಿ ಆರತಿ ತಟ್ಟೆ ಹಿಡಿದು, ಕಲೆಯಾದ ಪಂಚೆಯ ಗಂಡನಿಂದ ಎರಡು ಹೆಜ್ಜೆ ದೂರ ನಿಂತು ಹೇಳಿದ್ದು. ದೇವಿಯ ಮೇಲಿನ ಭಯಕ್ಕೆ ಹೇಳಲಿಲ್ಲ. ಶ್ರೀಕಂಠಯ್ಯನವರ ಮಗಳು ಆ ಪಕ್ಕ ನಿಂತಿದ್ದಳು, ಈ ಪಕ್ಕ ಬಳಗದ ಕಾರ್ಯದರ್ಶಿಯ ಹೆಂಡತಿ. ಟೈರಿನವನಿಗೆ ಪದ್ಧತಿ ಗೊತ್ತಿಲ್ಲ ಎಂದಾರು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ಇವರು ಮತ್ತೆ ಹಾಲಿನ ಕಡೆ ತಿರುಗಿದರು. ಶ್ರೀಕಂಠಯ್ಯನವರ ಕೈಯನ್ನು ಮೆಲ್ಲಗೆ ಸರಿಸಿ ಒಳಗೆ ಹೋದರು. ಹೊರಗೆ ಬಂದಾಗ ಸ್ಪ್ಯಾನರು ಕೈಯಲ್ಲಿತ್ತು, ಅದರ ಒಂದು ಕೈಯಿಂದ ನನ್ನ ಸೇವಂತಿಗೆ ಜೋಲಾಡುತ್ತಿತ್ತು. ನಮ್ಮ ಯೂಟಿನಿಂದ, ಅಂದರೆ ಇವರು ಸಾಮಾನು ಹೇರುವ ಚಿಕ್ಕ ಗಾಡಿಯಿಂದ, ಜಾಕು ಎಳೆದು ತಂದರು.

"ಹೊನ್ನಪ್ಪಾ!" ಎಂದು ಶ್ರೀಕಂಠಯ್ಯನವರು ಗದರಿದರು.

"ಆಮೇಲೆ ಬೈಯಿರಿ ಸಾರ್" ಎಂದರು ಇವರು. ಮಗಳ ಕಡೆ ತಿರುಗಿ "ಇಳಿ" ಎಂದರು. ಅವರು ಅವಳಿಗೆ ಅಷ್ಟು ಚಿಕ್ಕದಾಗಿ ಎಂದೂ ಹೇಳಿದ್ದಿಲ್ಲ. ಅವಳು ಇಳಿದಳು.

ಇವರು ಜಾಕು ಏರಿಸಿ ಮುಂದಿನ ಎಡಚಕ್ರದ ಐದು ನಟ್ಟು ಒಂದೊಂದಾಗಿ ಕಳಚಿದರು. ಶಶಾಂಕ್ "ಅಂಕಲ್, ಗೀರು ಬೀಳುತ್ತೆ, ಹುಷಾರು" ಎಂದ. ಇವರು ಚಕ್ರವನ್ನು ಎಳೆದು, ಎಲ್ಲರೂ ಪೂಜೆ ಮಾಡಿದ ಆ ಕೆಂಪು ಗೆರೆಯ ಮುಖವನ್ನು ನೆಲಕ್ಕೆ ಮಾಡಿ ಮಲಗಿಸಿದರು. ಒಳಮಗ್ಗುಲು ಮೇಲೆ ಬಂತು.

ನಾನು ಇಪ್ಪತ್ತೈದು ವರ್ಷದಿಂದ ಗಾಯ ನೋಡುತ್ತ ಬಂದವಳು. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ. ಟೈರಿನ ಗೋಡೆಯ ಸುತ್ತಲೂ ಬೆರಳಗಲದ ಕೊಯ್ತ. ಕೊಯ್ತದೊಳಗೆ ಬಿಳಿ ನೂಲು ಎದ್ದು ನಿಂತಿತ್ತು, ಕುಂಕುಮ ಮೆತ್ತಿಕೊಂಡು ಅದು ಹಸಿ ಗಾಯದ ಹಾಗೆಯೇ ಕಾಣುತ್ತಿತ್ತು. ಒಂದು ಕಡೆ ನೂಲೂ ಹರಿದು ಗುಳ್ಳೆ ಎದ್ದಿತ್ತು. ಇವರು ಅದರ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ಗುಳ್ಳೆ ಒಳಕ್ಕೆ ಹೋಗಿ ಮತ್ತೆ ಉಬ್ಬಿತು.

"ಇದು ಇವತ್ತಿಂದಲ್ಲ. ಒಂದು ವಾರದ್ದು" ಎಂದರು. "ನಾಳೆ ಎರಡು ತಿರುವು ತಡೀತಿತ್ತೋ ಏನೋ."

ಆ ಒಂದು ವಾರ ಆ ಚಕ್ರದ ನೇರಕ್ಕೆ, ಎಡಗಡೆಯ ಸೀಟಿನಲ್ಲಿ, ನೂರರ ವೇಗದ ಫ್ರೀವೇಯಲ್ಲಿ ದಿನವೂ ಕೂತು ಹೋದವಳು ನನ್ನ ಮಗಳು. ಚಿನ್ಮಯಿ ಬಗ್ಗಿ ಆ ನೂಲನ್ನು ಮುಟ್ಟಿ ನೋಡಿದಳು. ನೆಟ್ಟಗೆ ನಿಂತು, ಹತ್ತು ವರ್ಷದಲ್ಲಿ ಮೊದಲ ಸಲ ಅಪ್ಪನ ಹತ್ತಿರ ಕನ್ನಡದಲ್ಲಿ ಮಾತಾಡಿದಳು. "ಸಾರಿ ಅಪ್ಪ. ನಾನು ನಿಮ್ಮ ಮಾತು ಕೇಳ್ಬೇಕಿತ್ತು."

ಶಶಾಂಕ್ ಕಾರಿಗೆ ಒರಗಿ ಕೂತೇಬಿಟ್ಟ. ಅವನ ಮೇಲಿನ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಹುಡುಗ ಹೆದರಿದ್ದ, ಹೆದರಿದ್ದೇನೆಂದು ಮುಖದಲ್ಲೇ ತೋರಿಸಿದ. ಆದರೆ ಉಳಿದವರು? ಯಾರಾದರೂ ಒಬ್ಬರು ಹೊನ್ನಪ್ಪನವರೇ ನೀವು ಹೇಳಿದ್ದು ಸರಿ ಎಂದಾರೆಂದು ನಾನು ಕಾದೆ. ಶ್ರೀಕಂಠಯ್ಯನವರು ಕನ್ನಡಕ ಏರಿಸಿ ಟೈರನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ನಾನು ಆವಾಗ್ಲೇ ಹೇಳಿದ್ದೆ, ಹದಿನೆಂಟು ಹಾಕ್ಸು ಅಂತ" ಎಂದರು.

ಎಲ್ಲರೂ ತಲೆಯಾಡಿಸಿದರು. ಹೌದು ಹೌದು, ಹದಿನೆಂಟೇ ಸರಿ. ಇಬ್ಬರು ಅಲ್ಲೇ ಫೋನು ತೆಗೆದು ಹದಿನೆಂಟು ಇಂಚಿನ ಚಕ್ರಗಳ ಫೋಟೋ ನೋಡತೊಡಗಿದರು. ನಾನು ಆರತಿ ತಟ್ಟೆಯನ್ನು ಕಾರಿನ ಬಾನೆಟ್ಟಿನ ಮೇಲೆ ಕುಕ್ಕಿ, ಕಸದ ಡಬ್ಬಿಯ ಹಿಂದೆ ಹೋಗಿ, ನಿಜವಾಗಿಯೂ ವಾಂತಿ ಮಾಡಿಕೊಂಡೆ. ಪುಳಿಯೋಗರೆ ಹಳಸಿರಬೇಕು ಎಂದು ಕಾರ್ಯದರ್ಶಿಯ ಹೆಂಡತಿ ಯಾರಿಗೋ ಹೇಳುವುದು ಕೇಳಿಸಿತು.

ಮೂರು ಕಾಲಿನ ಮೇಲೆ ನಿಂತ ಆ ಕಾರನ್ನು ಬಿಟ್ಟು, ಇವರೂ ಶಶಾಂಕನೂ ಚಿನ್ಮಯಿಯೂ ಯೂಟಿನಲ್ಲಿ ವೆಲ್ಷ್‌ಪೂಲಿಗೆ ಹೋಗಿ ಹದಿನೇಳು ಇಂಚಿನ ನಾಲ್ಕನ್ನೂ ತಂದು ಹಾಕಿದರು. ಮರುದಿನ ಶಶಾಂಕ್ ಟ್ರ್ಯಾಕಿನಲ್ಲಿ ಓಡಿಸಿದ. ಚಿನ್ಮಯಿ ಪಕ್ಕದಲ್ಲಿ ಕೂತು ಎಂಟು ಸುತ್ತು ಬಂದಳು. ಪ್ರತಿ ಎರಡು ಸುತ್ತಿಗೊಮ್ಮೆ ಇವರು ನೆಲಕ್ಕೆ ಮಲಗಿ ಸೀಮೆಸುಣ್ಣದ ಗೆರೆ ನೋಡಿದರು. ಗೆರೆ ಹಾಗೆಯೇ ಇತ್ತಂತೆ. ನಾನು ಹೋಗಲಿಲ್ಲ, ತಲೆನೋವು ಎಂದೆ.

ಬಳಗದಲ್ಲಿ ಆಮೇಲೆ ಹಬ್ಬಿದ ಕತೆ ಏನು ಗೊತ್ತೇ? ಹೊನ್ನಪ್ಪ ಪೂಜೆ ಕೆಡಿಸಿದ. ದೀಪಾವಳಿಗೆ ನಮಗೆ ಕರೆ ತಡವಾಗಿ ಬಂತು. ಯುಗಾದಿಗೆ ಬರಲೇ ಇಲ್ಲ. ಆದರೆ ಒಬ್ಬೊಬ್ಬರಾಗಿ, ಇನ್ನೊಬ್ಬರಿಗೆ ಗೊತ್ತಾಗದ ಹಾಗೆ, ವಾರದ ನಡುವೆ ವೆಲ್ಷ್‌ಪೂಲಿಗೆ ಬರುತ್ತಾರೆ. "ಹೊನ್ನಪ್ಪನವರೇ, ನನ್ನ ಗಾಡಿಗೆ ಯಾವ ಸೈಜು ಸರಿಹೋಗುತ್ತೆ ಸ್ವಲ್ಪ ನೋಡಿ" ಎನ್ನುತ್ತಾರೆ. ಇವರು ಜೇಬಿನಿಂದ ಸೀಮೆಸುಣ್ಣ ತೆಗೆದು "ಬನ್ನಿ ಸಾರ್" ಎನ್ನುತ್ತಾರೆ. ಸಾರ್ ಅನ್ನಬೇಡಿ ಎಂದು ನಾನು ಎಷ್ಟು ಜಗಳ ಮಾಡಿದರೂ ಅಷ್ಟೇ.

ಇವರು ಜಗಳಕ್ಕೆ ಜಗಳ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ದಿನ ನಾನು ಬೇಡ ಎಂದದ್ದನ್ನು ಇವರು ಒಂದು ಸಲವೂ ಎತ್ತಿ ಆಡಿಲ್ಲ. ಇಡೀ ಜನರ ಮೇಲೆ ಹೇಸಿಗೆ ಪಡುತ್ತ ಕೂತಾಗೆಲ್ಲ ಆ ಎರಡಕ್ಷರ ನನ್ನ ದನಿಯಲ್ಲೇ ನನಗೆ ಕೇಳಿಸುತ್ತದೆ. ಮಿಕ್ಕವರ ಮಗಳು ಆ ಕಾರಿನಲ್ಲಿರಲಿಲ್ಲ. ನನ್ನ ಮಗಳಿದ್ದಳು.

ಈ ವರ್ಷ ಆಯುಧಪೂಜೆಯನ್ನು ಮನೆಯಲ್ಲೇ ಮಾಡಿದೆ. ಮರುದಿನ ಟ್ರ್ಯಾಕ್ ಡೇ ಇತ್ತು. ಶಶಾಂಕನೂ ಇನ್ನು ಮೂವರೂ ಚಕ್ರ ಬದಲಿಸಿಕೊಳ್ಳಲು ಆ ಮಧ್ಯಾಹ್ನವೇ ವೆಲ್ಷ್‌ಪೂಲಿಗೆ ಬರುವವರಿದ್ದರು. ಸ್ಪ್ಯಾನರಿಗೆ ದಾರ ಕಟ್ಟಿ ಕುಂಕುಮವಿಟ್ಟು ಆರತಿ ಎತ್ತಿದೆ. ಇವರು ಕೆಲಸದ ಅಂಗಿ ತೊಟ್ಟು, ಬೂಟು ಕೈಯಲ್ಲಿ ಹಿಡಿದು, ದೇವರ ಮೂಲೆಯ ಹತ್ತಿರ ಬಂದು ನಿಂತರು.

"ನಾಳೆವರೆಗೂ ಮುಟ್ಬಾರದಾ?" ಎಂದು ಕೇಳಿದರು.

ಅದರಲ್ಲಿ ಅಣಕವಿರಲಿಲ್ಲ, ಚುಚ್ಚುವಿಕೆಯೂ ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು. ನಾನು ಮುಟ್ಟಬಾರದು ಎಂದಿದ್ದರೆ ಅಲ್ಲೇ ನಿಂತು ಯೋಚಿಸುತ್ತಿದ್ದರು. ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು.

ದೇವಿಯ ಮುಂದಿನಿಂದ ಸ್ಪ್ಯಾನರನ್ನು ನಾನೇ ಎತ್ತಿದೆ. ನಾಲ್ಕು ಕಿಲೋ ಎಂದು ಅವತ್ತು ಬೈದಿದ್ದೆ, ನಿಜವಾಗಿಯೂ ಭಾರವಿತ್ತು. ಹೂವು ತೆಗೆಯದೆ ಅವರ ಕೈಗೆ ಕೊಟ್ಟೆ.

"ಹುಡುಗ್ರು ಕಾಯ್ತಿರ್ತಾರೆ, ಹೋಗಿ" ಎಂದೆ.